ರಾಣಿಯ ಗದ್ಯ, ತೊತ್ತಿನ ಪದ

ಹೋಮರನ ‘ಒಡಿಸ್ಸಿ’ಯ 22ನೇ ಭಾಗದಲ್ಲಿ 12 ಜನ ಹೆಂಗಸರನ್ನು ಒಂದೇ ಹಗ್ಗಕ್ಕೆ ಸಾಲಾಗಿ ನೇತುಹಾಕಿ ಕೊಲ್ಲುತ್ತಾರೆ. 20 ವರ್ಷ ಕಳೆದು ಊರಿಗೆ ಮರಳಿದ ಒಡಿಸ್ಯೂಸ್, ತನ್ನ ಹೆಂಡತಿ ಪೆನೆಲೊಪಿಯನ್ನು ಮದುವೆಯಾಗುತ್ತೇವೆಂದು ಮನೆಯಲ್ಲೇ ಠಿಕಾಣಿ ಹೂಡಿ ಕುಂತಿದ್ದ ಗಂಡಸರನ್ನೆಲ್ಲ ಕೊಂದು ಮುಗಿಸಿದ್ದಾನೆ. ಆಮೇಲೆ ಮನೆಯ ಆಳು ಹೆಂಗಸರ ಸರದಿ. ಇರುವ 50 ಜನರಲ್ಲಿ ಆ ಗಂಡಸರ ಜೊತೆ ಮಲಗಿದವರು ಯಾರ್ಯಾರು ಎಂದು ಬೆರಳು ಮಾಡಿ ತೋರಿಸುವವಳು ಮುದಿ ದಾದಿ ಯೂರಿಕ್ಲಿಯಾ. ಅವಳೂ ದುಡ್ಡು ಕೊಟ್ಟು ತಂದವಳೇ. ಒಡಿಸ್ಯೂಸನ ಅಪ್ಪ 20 ಎತ್ತಿನ ಬೆಲೆ ಕೊಟ್ಟು ಅವಳನ್ನು ಕೊಂಡಿದ್ದನೆಂದು ಕವಿ ಲೆಕ್ಕ ಒಪ್ಪಿಸುತ್ತಾನೆ. ಆ 12 ಜನರನ್ನು ಕೊಲ್ಲುವುದಕ್ಕೆ ಮುಂಚೆ ಅವರಿಂದ ಕೆಲಸ ಮಾಡಿಸುತ್ತಾರೆ. ಅವರೊಂದಿಗೆ ಮಲಗಿದ್ದವರ ಹೆಣಗಳನ್ನು ಅವರಿಂದಲೇ ಹೊರಿಸುತ್ತಾರೆ, ಮೇಜು ಕುರ್ಚಿಗಳ ರಕ್ತ ಒರೆಸಿಸುತ್ತಾರೆ, ನೆಲ ಕೆರೆದು ತೆಗೆದದ್ದನ್ನು ಆಚೆಗೆ ಹಾಕಿಸುತ್ತಾರೆ. ಮನೆ ಚೊಕ್ಕಟವಾದ ಮೇಲೆ ಅಂಗಳಕ್ಕೆ ಎಳೆದೊಯ್ಯುತ್ತಾರೆ. ಕತ್ತಿಯಿಂದ ಮುಗಿಸು ಎಂದು ಅಪ್ಪ ಹೇಳಿದ್ದರೂ ಮಗ ಟೆಲಿಮಾಕಸ್ ಒಪ್ಪುವುದಿಲ್ಲ. ಅಂಥ ಮರ್ಯಾದೆಯ ಸಾವು ಇವರಿಗೆ ಯಾಕೆ ಅನ್ನುತ್ತಾನೆ. ಹಡಗಿನ ಹಗ್ಗ ತರುತ್ತಾನೆ. ಕವಿ ಅವರನ್ನು ಬಲೆಗೆ ಸಿಕ್ಕ ಹಕ್ಕಿಗಳಿಗೆ ಹೋಲಿಸುತ್ತಾನೆ. ಕಾಲುಗಳು ಎಷ್ಟು ಹೊತ್ತು ಅಲುಗಿದವು ಎಂಬುದನ್ನೂ ಬಿಡದೆ ಹೇಳುತ್ತಾನೆ.

ಇದೇ ಭಾಗದ ಆರಂಭದಲ್ಲಿ ಒಡಿಸ್ಯೂಸ್ ಆ ಗಂಡಸರ ಮೇಲೆ ಹೊರಿಸುವ ಅಪರಾಧಗಳನ್ನು ಗಮನಿಸಬೇಕು. ನನ್ನ ಮನೆಯ ಹೆಂಗಸರನ್ನು ನೀವು ಬಲವಂತವಾಗಿ ಕೂಡಿದಿರಿ ಎಂಬುದು ಅದರಲ್ಲಿ ಒಂದು. ಗಂಡಸರ ಲೆಕ್ಕ ತೀರಿಸುವಾಗ ಬಲಾತ್ಕಾರವಾಗಿದ್ದದ್ದು ಕೆಲವೇ ಪುಟಗಳಾಚೆ ಹೆಂಗಸರ ಲೆಕ್ಕ ತೀರಿಸುವಾಗ ಹಾದರವಾಗುತ್ತದೆ. ಇದ್ಯಾವ ನ್ಯಾಯ? ಎರಡು ಸಲವೂ ಆಗಿರುವ ನಷ್ಟ ಮಾತ್ರ ಒಡೆಯನದೇ. ಊರಗೌಡನ ಮನೆಯ ಹಿತ್ತಲು ಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಥೆಗಳನ್ನು ಈಗ ಹೆಂಗಸರು ತಿರುಗಿ ಬರೆಯುತ್ತಿದ್ದಾರೆ. ಅದು ಸಣ್ಣ ಸಂಗತಿಯಲ್ಲ. ಪೂರ್ವ ಜರ್ಮನಿಯ ಕ್ರಿಸ್ಟಾ ವೋಲ್ಫ್ 1983ರಲ್ಲಿ ‘ಕಸಾಂಡ್ರ’, 1996ರಲ್ಲಿ ‘ಮೆಡಿಯಾ’ ಬರೆದಳು. ಕೆನಡಾದ ಮಾರ್ಗರೆಟ್ ಅಟ್ವುಡ್ 2005ರಲ್ಲಿ ‘ದಿ ಪೆನೆಲೊಪಿಯಾಡ್’ ಬರೆದಳು. 2018ರಲ್ಲಿ ಅಮೆರಿಕದ ಮ್ಯಾಡಲಿನ್ ಮಿಲ್ಲರಳ ‘ಸರ್ಸೀ’, ಇಂಗ್ಲೆಂಡಿನ ಪ್ಯಾಟ್ ಬಾರ್ಕರಳ ‘ದಿ ಸೈಲೆನ್ಸ್ ಆಫ್ ದ ಗರ್ಲ್ಸ್’ ಎರಡೂ ಬಂದವು. ಮರುವರ್ಷ ನಟಾಲಿ ಹೇನ್ಸಳ ‘ಎ ಥೌಸಂಡ್ ಶಿಪ್ಸ್’. ಇದಕ್ಕೂ ಮುಂಚೆ 2017ರಲ್ಲಿ ಎಮಿಲಿ ವಿಲ್ಸನ್ ‘ಒಡಿಸ್ಸಿ’ಯನ್ನು ಇಂಗ್ಲಿಷಿಗೆ ತಂದಳು. ಇಡೀ ‘ಒಡಿಸ್ಸಿ’ಯ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಮೊದಲ ಹೆಂಗಸು ಅವಳೇ. ಸಾವಿರಾರು ವರ್ಷ ಗಂಡಸರ ಕೋಪತಾಪದ ಹಿನ್ನೆಲೆಯಲ್ಲಿ ಬಟ್ಟೆ ನೇಯುತ್ತ ಕುಳಿತಿದ್ದವರು ಎದ್ದು ಬಂದು ಮಾತಾಡುತ್ತಿದ್ದಾರೆ. ‘ಇಲಿಯಡ್’ ಕಾವ್ಯದ ಜಗಳ ಹುಟ್ಟುವುದೇ ಬ್ರಿಸೇಯಿಸ್ ಎಂಬ ಸೆರೆಯ ಹೆಂಗಸು ಅಕಿಲೀಸನಿಗೋ ಅಗಮೆಮ್ನನ್ನನಿಗೋ ಎಂಬಲ್ಲಿಂದ. ಆದರೆ ಆ ಇಡೀ ಕಾವ್ಯದಲ್ಲಿ ಅವಳು ಬಾಯಿ ಬಿಡುವುದು ಒಂದೇ ಸಲ, 19ನೇ ಭಾಗದಲ್ಲಿ, ಸತ್ತ ಪಟ್ರೋಕ್ಲಸನ ಮೇಲೆ ಬಿದ್ದು ಅಳುವಾಗ. ಬಾರ್ಕರ್ ಆ ಒಂದು ಅಳುವಿನಿಂದ ಒಂದು ಕಾದಂಬರಿಯನ್ನೇ ತೆಗೆದಳು.

ಗ್ರೀಕರು ಕನ್ನಡಕ್ಕೆ ಹೊಸಬರೇನಲ್ಲ. ಬಿ.ಎಂ.ಶ್ರೀ. ಸೊಫೋಕ್ಲೀಸನ ಏಜಾಕ್ಸನನ್ನು ‘ಅಶ್ವತ್ಥಾಮನ್’ ಮಾಡಿದರು. ಲಂಕೇಶ್ ಈಡಿಪಸ್ಸನನ್ನೂ ಅಂತಿಗೊನೆಯನ್ನೂ ಕನ್ನಡದಲ್ಲಿ ಮಾತಾಡಿಸಿದರು. ಅವೆಲ್ಲ ನಮ್ಮ ಪಠ್ಯಗಳಾಗಿ, ಪ್ರಶ್ನೆಪತ್ರಿಕೆಗಳಾಗಿ ಹಳತೂ ಆದವು. ಅಲ್ಲಿ ಕೇಳದೆ ಉಳಿದ ಒಂದು ಪ್ರಶ್ನೆಯನ್ನು ಈ ಹೊಸ ಕಾದಂಬರಿಗಳ ಮುಂದೆ ಇಡಬೇಕು ಅನ್ನಿಸುತ್ತದೆ. ಮಾತಾಡುತ್ತಿರುವ ಈ ಹೆಂಗಸು ಯಾರು? ಅವಳ ಮನೆಯಲ್ಲಿ ಜೋಳ ಬೀಸುತ್ತಿದ್ದವರು ಯಾರು?

ಕಸಾಂಡ್ರ ರಾಜನ ಮಗಳು. ಮೆಡಿಯಾ ರಾಜನ ಮಗಳು. ಪೆನೆಲೊಪಿ ರಾಣಿ. ಸರ್ಸೀ ದೇವತೆ, ಸೂರ್ಯನ ಮಗಳು. ಹೇನ್ಸಳ ಪುಸ್ತಕದಲ್ಲಿ ಹೆಂಗಸರ ಪಟ್ಟಿ ಬಹಳ ಉದ್ದ, ಆದರೆ ಅದರಲ್ಲಿ ಹೆಚ್ಚಿನವರು ಅರಮನೆಯವರು ಇಲ್ಲವೇ ಆಕಾಶದವರು. ಬಾರ್ಕರಳ ಬ್ರಿಸೇಯಿಸ್ ಕಥೆ ಹೇಳುವಾಗ ತೊತ್ತು. ನಿಜ. ಆದರೆ ಅವಳು ಲಿರ್ನೆಸಸ್ಸಿನ ರಾಣಿಯಾಗಿದ್ದವಳು. ಊರು ಬಿದ್ದ ದಿನ ಗಂಡನನ್ನೂ ಅಣ್ಣತಮ್ಮಂದಿರನ್ನೂ ಕೊಂದವನ ಹಾಸಿಗೆಗೆ ಬಹುಮಾನವಾಗಿ ಬಂದವಳು. ಬಾರ್ಕರ್ ಸಾಮಾನ್ಯ ಲೇಖಕಿಯಲ್ಲ. ಮೊದಲ ಮಹಾಯುದ್ಧದ ಸೈನಿಕರ ಬಗ್ಗೆ ಬರೆದು 1995ರಲ್ಲಿ ಬೂಕರ್ ಪಡೆದವಳು. ದಂಡಿನ ಕೊಳಕು, ಗಾಯದ ವಾಸನೆ, ಗಂಡಸರ ಪೋಲಿ ಹಾಡು ಇವೆಲ್ಲ ಅವಳಿಗೆ ಕರತಲಾಮಲಕ. ಕಾದಂಬರಿಯ ಶಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಓದುಗರಾಗಿ ನಾವು ಎಲ್ಲಿ ಅಳುತ್ತೇವೆ ಎಂಬುದರ ಬಗ್ಗೆ ತಕರಾರು. ನಿನ್ನೆ ರಾಣಿ, ಇವತ್ತು ತೊತ್ತು ಎಂಬ ಅಂತರವನ್ನು ನೋಡಿ ಅಳುತ್ತೇವೆ. ಗುಲಾಮಗಿರಿ ಭೀಕರವಾಗಿ ಕಾಣುವುದು ಅದು ಬರಬಾರದವಳಿಗೆ ಬಂತಲ್ಲ ಎಂಬ ಕಾರಣಕ್ಕೆ. ಹಾಗಾದರೆ ‘ಬರಬೇಕಾದವಳು’ ಅಂತ ಒಬ್ಬಳು ಇದ್ದಾಳೆ ಎಂದಾಯಿತು. ಹುಟ್ಟಿದಾಗಿನಿಂದ ತೊತ್ತಾಗಿಯೇ ಇದ್ದವಳಿಗೆ ಬೀಳುವುದಕ್ಕೆ ಎತ್ತರವೇ ಇಲ್ಲ. ಬೀಳದವಳನ್ನು ದುರಂತ ನಾಯಕಿ ಮಾಡುವುದು ಹೇಗೆಂದು ಈ ಕಥನಕ್ರಮಕ್ಕೆ ಗೊತ್ತಿಲ್ಲ.

ಇದು ಇವತ್ತಿನ ಕಾದಂಬರಿಕಾರ್ತಿಯರ ಅಭ್ಯಾಸ ಮಾತ್ರವಲ್ಲ, ಮೂಲದಿಂದಲೇ ಬಂದ ಬಳುವಳಿ. ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಮೆಲೋಸ್ ದ್ವೀಪದ ಗಂಡಸರನ್ನು ಕೊಂದು ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿದರು. ಮರುವರ್ಷ, ಕ್ರಿ.ಪೂ. 415ರಲ್ಲಿ, ಯೂರಿಪಿಡೀಸ್ ಅದೇ ಅಥೆನ್ಸಿನ ಜನರ ಮುಂದೆ ‘ಟ್ರೋಜನ್ ಹೆಂಗಸರು’ ನಾಟಕ ಆಡಿಸಿದ. ಅವನ ಧೈರ್ಯಕ್ಕೆ ಶರಣು. ಆದರೂ ಅಲ್ಲಿ ನೆಲಕ್ಕೆ ಬಿದ್ದು ಅಳುವವಳು ರಾಣಿ ಹೆಕ್ಯೂಬಾ. ನಾನು ರಾಣಿಯಾಗಿದ್ದೆ ಎಂಬುದು ಅವಳ ಗೋಳಿನ ಕೇಂದ್ರ.

ನಮ್ಮಲ್ಲೂ ಇದರ ಸೋದರ ಕಾವ್ಯವಿದೆ. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಿ ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹುಡುಗಿಯರು ರಾಜನ ಮುಂದೆ ಹಾಡಿ, ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ಕುಲದಲ್ಲಿ ಹೊಲತಿಯರು. ಕಾವ್ಯದಲ್ಲಿ ಅವರನ್ನು ಕರೆಯುವುದು ಅನಾಮಿಕೆಯರು ಎಂದು. ಹೆಸರಿಲ್ಲದಿರುವುದೇ ಅವರ ಹೆಸರು. ನಮ್ಮ ಹಾಡು ಕೇಳಿದ ಕಿವಿಗೆ, ರೂಪ ನೋಡಿದ ಕಣ್ಣಿಗೆ ತಟ್ಟದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗೆ ತಟ್ಟುತ್ತದೆ ಎಂದು ಅವರು ಕೇಳುತ್ತಾರೆ. ರಾಜನಿಗೆ ಉತ್ತರ ಸಿಗುವುದಿಲ್ಲ. ಅವರನ್ನು ಮದುವೆಯಾಗುವುದಕ್ಕಿಂತ ರಾಜ್ಯ ಬಿಡುವುದೇ ಮೇಲೆಂದು ರಾಜ್ಯ ಬಿಡುತ್ತಾನೆ. ಮುಂದೆ ಅದೇ ರಾಜ ಚಂಡಾಲ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಾನೆ, ಕೇಳಿದವರೆಲ್ಲ ಇವತ್ತಿಗೂ ಕಣ್ಣೀರು ಹಾಕುತ್ತಾರೆ. ಸುಡುಗಾಡು ಕಾಯುವುದು ರಾಜನಿಗೆ ಬಂದಾಗ ಕರುಣರಸ. ವೀರಬಾಹುವಿನ ಮನೆಯವರಿಗೆ ಅದು ದಿನದ ಕೆಲಸ, ಅದಕ್ಕೆ ಯಾವ ರಸವೂ ಇಲ್ಲ.

ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಗ್ರೀಕ್ ಗುಲಾಮಳನ್ನು ನಮ್ಮ ಹೊಲತಿಯ ಜೊತೆ ಸಲೀಸಾಗಿ ಸಮೀಕರಿಸುವ ಬೀಸು ಹೇಳಿಕೆಗಳು ನಮ್ಮ ವೇದಿಕೆಗಳಲ್ಲೂ ಕೇಳಿಬರುತ್ತವೆ. ಅಂಬೇಡ್ಕರ್ ಈ ಎರಡನ್ನೂ ಎದುರುಬದುರು ಇಟ್ಟು ಬರೆದಿದ್ದಾರೆ. ಗುಲಾಮ ಒಡೆಯನ ಆಸ್ತಿ, ಹಾಗಾಗಿ ಅವನ ಹೊಟ್ಟೆಬಟ್ಟೆ, ಕಾಯಿಲೆ ಕಸಾಲೆ ಒಡೆಯನ ಲೆಕ್ಕಕ್ಕೆ ಬರುತ್ತಿತ್ತು. ಅಸ್ಪೃಶ್ಯನ ಬಗ್ಗೆ ಆ ಸ್ವಾರ್ಥದ ಹೊಣೆಯೂ ಯಾರಿಗಿರಲಿಲ್ಲ ಎಂಬುದು ಅವರ ವಾದದ ಒಂದು ಎಳೆ. ನನ್ನ ಓದಿಗೆ ಇನ್ನೊಂದು ವ್ಯತ್ಯಾಸವೂ ಮುಖ್ಯ. ಗ್ರೀಸಿನಲ್ಲಿ ಗುಲಾಮಗಿರಿಯ ಬಾಗಿಲು ರಾಣಿಗೂ ತೆರೆದಿತ್ತು. ಒಂದು ಯುದ್ಧ ಸೋತರೆ ಸಾಕು. ಆ ಭಯದಿಂದಲೇ ಅಲ್ಲಿನ ಕವಿಗಳಿಗೆ ಸೆರೆಯ ಹೆಂಗಸಿನ ಮೇಲೆ ಒಂದು ಚೂರು ಕನಿಕರ ಹುಟ್ಟಿದೆ. ಪಟ್ರೋಕ್ಲಸನಿಗಾಗಿ ಬ್ರಿಸೇಯಿಸ್ ಅತ್ತಾಗ ಸುತ್ತಲಿನ ಹೆಂಗಸರೂ ಅತ್ತರು, ಹೊರಗೆ ಸತ್ತವನ ನೆಪ, ಒಳಗೆ ಅವರವರ ಸಂಕಟ ಎಂದು ಹೋಮರ್ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಸತ್ತ ಒಡೆಯನ ಮನೆ ಮುಂದೆ ಎದೆ ಬಡಿದುಕೊಂಡು ಅಳಲು ಕರೆಸಿಕೊಂಡ ನಮ್ಮ ಅವ್ವಂದಿರು ಯಾವುದನ್ನು ನೆನೆದು ಅತ್ತರೆಂದು ಹೇಳುವ ಅಷ್ಟು ಸಣ್ಣ ಮಾತನ್ನು ನಮ್ಮ ಹಳಗನ್ನಡದಲ್ಲಿ ನಾನಿನ್ನೂ ಹುಡುಕುತ್ತಿದ್ದೇನೆ.

ಈಗ ಅಟ್ವುಡ್ ವಿಷಯ. ಈ ಎಲ್ಲರಲ್ಲಿ ಆ ಹಗ್ಗವನ್ನು ನೇರವಾಗಿ ಕೈಗೆ ಎತ್ತಿಕೊಂಡವಳು ಅವಳೇ. ನೇಣಿಗೇರಿದ ಆ ಹೆಂಗಸರು ತನ್ನನ್ನು ಕಾಡಿದರೆಂದು ಮುನ್ನುಡಿಯಲ್ಲೇ ಹೇಳಿಕೊಳ್ಳುತ್ತಾಳೆ. ಅವಳ ಪೆನೆಲೊಪಿ ಸತ್ತು ಪಾತಾಳದಲ್ಲಿದ್ದುಕೊಂಡು ಕಥೆ ಹೇಳುತ್ತಾಳೆ. ಮಾವನಿಗೆಂದು ನೇಯ್ದ ಶವವಸ್ತ್ರವನ್ನು ರಾತ್ರಿಯೆಲ್ಲ ಬಿಚ್ಚುವಾಗ ಜೊತೆಗಿದ್ದವರು ಈ 12 ಹುಡುಗಿಯರೇ. ಬಂದ ಗಂಡಸರ ಜೊತೆ ಸಲಿಗೆಯಿಂದಿದ್ದು ಸುದ್ದಿ ತನ್ನಿ ಎಂದು ಕಳಿಸಿದವಳೂ ಪೆನೆಲೊಪಿಯೇ. ಕೆಲವರ ಮೇಲೆ ಅತ್ಯಾಚಾರವಾಗುತ್ತದೆ. ಅವಳು ಸಮಾಧಾನ ಮಾಡುತ್ತಾಳೆ, ಕೆಲಸ ಮುಂದುವರಿಸುತ್ತಾಳೆ. ಕೊಲೆಯ ದಿನ ಅವಳು ನಿದ್ದೆಯಲ್ಲಿದ್ದಳು. ಇದು ಹೋಮರನಲ್ಲೂ ಇರುವ ನಿದ್ದೆಯೇ. ಅಟ್ವುಡ್ ಕೈಯಲ್ಲಿ ಆ ನಿದ್ದೆ ಸಂಶಯಾಸ್ಪದವಾಗುತ್ತದೆ. ಒಡತಿಯೂ ಹೆಂಗಸೇ ಅಲ್ಲವಾ, ಅವಳೂ ಶೋಷಿತೆಯೇ ಅಲ್ಲವಾ ಎಂದು ಸ್ತ್ರೀವಾದಿ ಗೆಳತಿಯರು ನಮ್ಮನ್ನು ಸಮಾಧಾನಪಡಿಸುವ ಮಾತಿಗೆ ಇದು ಒಳಗಿನಿಂದಲೇ ಬಂದ ಉತ್ತರ. ಶೋಷಿತೆ ಹೌದು. ಆದರೆ ಹಗ್ಗ ಬಂದದ್ದು ಯಾರ ಕೊರಳಿಗೆ?

ಕಾದಂಬರಿಯಲ್ಲಿ ಒಂದು ವಿಚಾರಣೆಯ ದೃಶ್ಯವಿದೆ. ಇಪ್ಪತ್ತೊಂದನೇ ಶತಮಾನದ ನ್ಯಾಯಾಲಯದಲ್ಲಿ ಒಡಿಸ್ಯೂಸನ ಮೇಲೆ ಮೊಕದ್ದಮೆ. ಈ ಹೆಂಗಸರ ಮೇಲೆ ಬಲಾತ್ಕಾರವಾಗಿತ್ತಲ್ಲ ಎಂಬ ಮಾತು ಬಂದಾಗ ವಕೀಲನ ವಾದವನ್ನು ಕೇಳಬೇಕು: ಬಲಾತ್ಕಾರವಾದದ್ದು ತೊಂದರೆಯಲ್ಲ, ಒಡೆಯನ ಅನುಮತಿ ಇಲ್ಲದೆ ಆದದ್ದು ತೊಂದರೆ! ಓದುತ್ತ ನಗು ಬಂತು, ನಕ್ಕ ಮೇಲೆ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೊನೆಗೆ ನ್ಯಾಯಾಧೀಶ, ಆ ಕಾಲವೇ ಬೇರೆ, ಆ ಕಾಲದ ಕಟ್ಟಳೆಯೇ ಬೇರೆ ಎಂದು ಮೊಕದ್ದಮೆ ವಜಾ ಮಾಡುತ್ತಾನೆ. ಶಂಬೂಕ, ಏಕಲವ್ಯರ ಬಗ್ಗೆ ವಿಚಾರ ಸಂಕಿರಣಗಳಲ್ಲಿ ಪ್ರಶ್ನೆ ಎತ್ತಿದಾಗೆಲ್ಲ ಹಿರಿಯ ವಿದ್ವಾಂಸರು ಕೊಡುವ ತೀರ್ಪೂ ಇದೇ. ‘ಅಂದಿನ ಮೌಲ್ಯಗಳಿಂದ ನೋಡಬೇಕು.’ ಅಂದಿನ ಮೌಲ್ಯ ಅಂದರೆ ಅಂದಿನ ಯಾರ ಮೌಲ್ಯ ಸ್ವಾಮಿ? ನೇಣಿಗೇರಿದವಳ ಮೌಲ್ಯವೂ ಅಂದಿನದೇ ಅಲ್ಲವೇ?

ಇಷ್ಟೆಲ್ಲ ಮೆಚ್ಚಿದ ಮೇಲೆ ನನ್ನ ಮುಖ್ಯ ಜಗಳ. ‘ಪೆನೆಲೊಪಿಯಾಡ್’ನಲ್ಲಿ ರಾಣಿಗೆ ಸಿಕ್ಕಿರುವುದು ಗದ್ಯ. ನಾನು ಹುಟ್ಟಿದ್ದು ಹೀಗೆ, ಬೆಳೆದದ್ದು ಹೀಗೆ, ಅಸೂಯೆಪಟ್ಟದ್ದು ಹೀಗೆ ಎಂದು ಅಧ್ಯಾಯ ಅಧ್ಯಾಯವಾಗಿ ತನ್ನ ಬದುಕನ್ನು ತಾನೇ ಶೋಧಿಸುವ ಆತ್ಮಕಥನ. ತೊತ್ತುಗಳಿಗೆ ಸಿಕ್ಕಿರುವುದು ಮೇಳ. ನಡುನಡುವೆ ಬಂದು ಹಗ್ಗ ಜಿಗಿಯುವ ಮಕ್ಕಳ ಪದ ಹೇಳುತ್ತಾರೆ, ನಾವಿಕರ ಹಾಡು ಹಾಡುತ್ತಾರೆ, ಲಾವಣಿ ಕಟ್ಟುತ್ತಾರೆ, ಸಣ್ಣ ನಾಟಕ ಆಡುತ್ತಾರೆ, ಉಪನ್ಯಾಸದ ಅಣಕ ಮಾಡುತ್ತಾರೆ. ಗ್ರೀಕ್ ನಾಟಕದ ಮೇಳದ ಪರಂಪರೆ ಇದಕ್ಕೆ ಹಿನ್ನೆಲೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಹಾಡು ಚೂಪಾಗಿಯೂ ಇದೆ. ಆದರೆ 12 ಜನಕ್ಕೂ ಸೇರಿ ಒಂದೇ ದನಿ. ಒಬ್ಬಳು ಇನ್ನೊಬ್ಬಳಿಗಿಂತ ಹೇಗೆ ಬೇರೆ? ಒಬ್ಬಳಿಗೆ ಆ ಗಂಡಸರಲ್ಲಿ ಯಾರ ಮೇಲಾದರೂ ನಿಜವಾಗಿ ಮನಸ್ಸಾಗಿತ್ತೇ? ಇನ್ನೊಬ್ಬಳು ಜೊತೆಯವಳ ಮೇಲೆ ಚಾಡಿ ಹೇಳಿದ್ದಳೇ? ಒಳಗು, ಗೊಂದಲ, ಸಣ್ಣತನ, ತನ್ನನ್ನೇ ತಾನು ಅನುಮಾನಿಸುವ ಹಕ್ಕು ಇವೆಲ್ಲ ರಾಣಿಯ ಪಾಲಿಗೆ ಹೋಗಿವೆ. ತೊತ್ತುಗಳ ಪಾಲಿಗೆ ಸಾಮೂಹಿಕ ಆಕ್ರೋಶ ಮತ್ತು ಲಯ.

ಈ ಹಂಚಿಕೆ ನಮಗೆ ಚೆನ್ನಾಗಿ ಗೊತ್ತು. ದಲಿತರ ಹಾಡು ಚೆಂದ, ತಮಟೆ ಚೆಂದ, ಸಿಟ್ಟು ಚೆಂದ ಎಂದು ಬೆನ್ನು ತಟ್ಟುವವರು ನಮ್ಮವನೊಬ್ಬ ತನ್ನ ಒಳಗಿನ ಅಂಜಿಕೆ, ಕಾಮ, ಹೊಟ್ಟೆಕಿಚ್ಚುಗಳನ್ನು ನಿಧಾನವಾಗಿ ಬರೆಯಲು ಕುಳಿತರೆ ‘ಇದರಲ್ಲಿ ದಲಿತ ಸಂವೇದನೆ ಎಲ್ಲಿದೆ?’ ಅನ್ನುತ್ತಾರೆ. ಹಾಡನ್ನು ಕೀಳು ಮಾಡಲು ಈ ಮಾತು ಹೇಳುತ್ತಿಲ್ಲ. ನಮ್ಮ ಚಳವಳಿ ಊರೂರಿಗೆ ನಡೆದದ್ದೇ ಹಾಡಿನ ಕಾಲಿನಲ್ಲಿ. ಹಾಡು ಮಾತ್ರ ನಿಮಗೆ ಎಂದು ಇನ್ಯಾರೋ ಅಳೆದು ಕೊಡುವಾಗ ಮಾತ್ರ ಹುಷಾರಾಗಿರಬೇಕು.

ಮಿಲ್ಲರಳ ‘ಸರ್ಸೀ’ಯಲ್ಲಿ ಈ ಹೆಂಗಸರಿಗೆ ಹಾಡೂ ಇಲ್ಲ. ಅಲ್ಲಿ ಟೆಲಿಮಾಕಸ್ ದೊಡ್ಡವನಾಗಿ, ಅಪ್ಪನ ಮಾತು ಕೇಳಿ ಆ ಹುಡುಗಿಯರನ್ನು ಕೊಂದೆನಲ್ಲ ಎಂದು ಸರ್ಸೀಯ ಮುಂದೆ ನೊಂದುಕೊಳ್ಳುತ್ತಾನೆ. ಆ ಪಶ್ಚಾತ್ತಾಪ ಕೇಳಿ ಸರ್ಸೀಗೆ ಅವನ ಮೇಲೆ ಇನ್ನಷ್ಟು ಒಲವು. ನೇಣಿಗೇರಿದವರು ಕೊಂದವನ ಮನಸ್ಸು ಎಷ್ಟು ಮೆದು ಎಂದು ತೋರಿಸುವ ಸಾಕ್ಷಿಗಳಾಗಿ ಮುಗಿಯುತ್ತಾರೆ. ಭಾಷೆ ಸುಂದರ. ಹೋಗಲಿ ಬಿಡಿ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕಾದಂಬರಿಗಿಂತ ವಿಲ್ಸನ್ ಅನುವಾದದ ಒಂದು ಹಟ. ಆ ಹೆಂಗಸರನ್ನು ಅವಳು ಸೇವಕಿ, ಪರಿಚಾರಿಕೆ ಎಂದು ಮೆತ್ತಗೆ ಮಾಡದೆ ಗುಲಾಮರು ಎಂದೇ ಕರೆಯುತ್ತಾಳೆ. ಟೆಲಿಮಾಕಸ್ ಅವರನ್ನು ಬೈಯುವ ಕಡೆ ಮೂಲದಲ್ಲಿ ಸೂಳೆ ಎಂಬ ಅರ್ಥದ ಶಬ್ದವೇ ಇಲ್ಲ. ಆ ಗಂಡಸರ ಪಕ್ಕ ಮಲಗಿದವರು ಎಂದಷ್ಟೇ ಇದೆ. ಆದರೆ 1996ರ ರಾಬರ್ಟ್ ಫೇಗಲ್ಸನ ಪ್ರಸಿದ್ಧ ಅನುವಾದದಲ್ಲಿ ಆ ಬೈಗುಳ ಬಂದು ಕೂತಿದೆ. ಹೋಮರ್ ಬೈಯದಿದ್ದದ್ದನ್ನು ಇಪ್ಪತ್ತನೇ ಶತಮಾನದ ಪ್ರೊಫೆಸರು ಬೈದ. ವಿಲ್ಸನ್ ಅದನ್ನು ತೆಗೆದು ಹುಡುಗಿಯರು ಎಂದಳು. ನಾವು ಕನ್ನಡಕ್ಕೆ ತರುವುದಾದರೆ ಯಾವ ಮಾತು ಹಾಕಬೇಕು? ದಾಸಿ ಅಂದರೆ ಭಕ್ತಿಯ ವಾಸನೆ ಬರುತ್ತದೆ. ಸೇವಕಿ ಅಂದರೆ ಸಂಬಳದ ವಾಸನೆ. ಆಳು ಅಂದರೆ ಸಂಜೆ ಮನೆಗೆ ಹೋಗುವವಳು. ಜೀತ ಸಾಲದ ಲೆಕ್ಕ. ನನಗೆ ಹೊಳೆದದ್ದು ತೊತ್ತು. ಇವತ್ತಿಗೂ ‘ತೊತ್ತಿನ ಮಗ’ ಎಂದು ಬೈಯುವಾಗ ಪೆಟ್ಟು ಬೀಳುವುದು ತಾಯಿಗೆ. ಆ ಅವಮಾನ ಇನ್ನೂ ಬಿಸಿಯಾಗಿರುವುದಕ್ಕೇ ಈ ಲೇಖನದುದ್ದಕ್ಕೂ ಆ ಶಬ್ದವನ್ನು ಬೇಕೆಂದೇ ಬಳಸಿದ್ದೇನೆ.

ಬೀಳದೆ, ಹುಟ್ಟಿನಿಂದಲೇ ಕೆಳಗಿದ್ದವಳ ಕಥೆಯನ್ನು ಬರೆಯಲು ಸಾಧ್ಯವೇ ಇಲ್ಲವೇ? ಇದೆ. ಅದು ಗ್ರೀಕ್ ಮರುಕಥನಗಳ ಕಪಾಟಿನಲ್ಲಿ ಸಿಗುವುದಿಲ್ಲ ಅಷ್ಟೆ. 1856ರ ಜನವರಿಯಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಕಪ್ಪು ಗುಲಾಮ ಹೆಂಗಸು ಮಂಜುಗಟ್ಟಿದ ಒಹಾಯೊ ನದಿ ದಾಟಿ ಮಕ್ಕಳೊಂದಿಗೆ ಕೆಂಟಕಿಯಿಂದ ಓಡಿಹೋದಳು. ಹಿಡಿಯುವವರು ಮನೆ ಸುತ್ತುವರಿದಾಗ, ಮತ್ತೆ ಗುಲಾಮಗಿರಿಗೆ ಕಳಿಸಲಾರೆ ಎಂದು ಎರಡು ವರ್ಷದ ಮಗಳ ಕತ್ತು ಕೊಯ್ದಳು. 1867ರಲ್ಲಿ ಥಾಮಸ್ ಸ್ಯಾಟರ್‌ವೈಟ್ ನೋಬಲ್ ಆ ಘಟನೆಯ ಚಿತ್ರ ಬರೆದು ‘ಆಧುನಿಕ ಮೆಡಿಯಾ’ ಎಂದು ಹೆಸರಿಟ್ಟ. ಗಂಡನ ಮೇಲಿನ ಸೇಡಿಗೆ ಮಕ್ಕಳನ್ನು ಕೊಂದ ರಾಜಕುಮಾರಿಯ ಹೆಸರನ್ನು ತಂದು, ತನ್ನ ಮೈ ಕೂಡ ತನ್ನದಲ್ಲದ ತಾಯಿಗೆ ಅಂಟಿಸಿದ. ನ್ಯಾಯಾಲಯದಲ್ಲಿ ನಡೆದ ಜಗ್ಗಾಟ ಇನ್ನೂ ಘೋರ. ಕೊಲೆಯ ಆರೋಪ ಹೊರಿಸಿ ಒಹಾಯೊದಲ್ಲಿ ವಿಚಾರಣೆ ಮಾಡಬೇಕೆಂದು ಅವಳ ಪರ ಇದ್ದವರೇ ಬಯಸಿದರು, ಯಾಕೆಂದರೆ ಕೊಲೆಗಾತಿಯಾಗಲು ಮೊದಲು ಮನುಷ್ಯಳಾಗಬೇಕು. 1850ರ ಕಾನೂನಿನ ಪ್ರಕಾರ ಅವಳನ್ನು ಕಳೆದುಹೋಗಿ ಸಿಕ್ಕ ಸೊತ್ತಿನಂತೆ ಒಡೆಯನಿಗೆ ಒಪ್ಪಿಸಿದರು. ಟೋನಿ ಮಾರಿಸನ್ 1987ರ ‘ಬಿಲವೆಡ್’ ಕಾದಂಬರಿಗೆ ಎತ್ತಿಕೊಂಡದ್ದು ಈ ಘಟನೆಯ ಎಳೆಯನ್ನು. ಅವಳ ಸೆಥೆ ಯಾವ ಎತ್ತರದಿಂದಲೂ ಬಿದ್ದವಳಲ್ಲ. ಆದರೂ ಅವಳಿಗೆ ಒಳಗಿದೆ, ಆಸೆಯಿದೆ, ಸುಳ್ಳಿದೆ, ಗದ್ಯವಿದೆ. ಅಟ್ವುಡ್ ತನ್ನ ರಾಣಿಗೆ ಕೊಟ್ಟದ್ದನ್ನೆಲ್ಲ ಮಾರಿಸನ್ ಒಬ್ಬ ತೊತ್ತಿಗೆ ಕೊಟ್ಟಳು. ಗ್ರೀಕ್ ಪುರಾಣವನ್ನು ಅವಳು ಸ್ತ್ರೀವಾದಿಯಾಗಿ ತಿದ್ದಲಿಲ್ಲ, ಆ ಪುರಾಣದ ಹೆಸರು ಯಾರ ಮೇಲೆ ಹೇರಲ್ಪಟ್ಟಿತ್ತೋ ಅವಳ ಕಡೆಯಿಂದ ಶುರು ಮಾಡಿದಳು.

ಬಾರ್ಕರ್ ಕೂಡ ಮೆಟ್ಟಿಲಿಳಿದಿದ್ದಾಳೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2024ರ ‘ದಿ ವಾಯೇಜ್ ಹೋಮ್’ನಲ್ಲಿ ಕಥೆ ಹೇಳುವವಳು ಕಸಾಂಡ್ರ ಅಲ್ಲ, ಅವಳ ಚಾಕರಿ ಮಾಡುವ ರಿಟ್ಸಾ. ಮದ್ದು ಕೊಡುವ ಹೆಂಗಸು, ಅವಳೂ ಸೆರೆಗೆ ಮುಂಚೆ ಸ್ವತಂತ್ರಳಾಗಿದ್ದವಳು. ಅರ್ಧ ದಾರಿ ಬಂದಂತಾಯಿತು.

ಕಳೆದ ವರ್ಷ ಬಿ.ಎ. ತರಗತಿಯಲ್ಲಿ ಈ ನೇಣಿನ ಪ್ರಸಂಗ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಅವರನ್ನ ಇಳಿಸಿ ಮಣ್ಣು ಮಾಡಿದೋರು ಯಾರು?’ ಊರಲ್ಲಿ ಗುಂಡಿ ತೋಡುವ ಕೆಲಸ ಯಾರದೆಂದು ಬಲ್ಲ ಮನೆಯಿಂದ ಬಂದವಳು. ಆ ಗಂಡಸರ ಹೆಣಗಳನ್ನು ನೆಂಟರು ಬಂದು ಒಯ್ದು ಮಣ್ಣು ಮಾಡಿದ್ದು 24ನೇ ಭಾಗದಲ್ಲಿದೆ. 12 ಹೆಂಗಸರ ಹೆಣಗಳ ಬಗ್ಗೆ ಒಂದು ಮಾತೂ ಇಲ್ಲ. ಉಳಿದ 38 ಜನರೇ ಮಾಡಿರಬೇಕು ಎಂದೆ.

ಅವಳ ಪ್ರಶ್ನೆಯ ನಂತರ ನಾನು ‘ಒಡಿಸ್ಸಿ’ಯನ್ನು ಒಳಬಾಗಿಲಿನಿಂದ ಮತ್ತೆ ಓದಲು ಶುರು ಮಾಡಿದೆ. ಮರುಕಥನಕ್ಕೆ ಕಾದು ಕೂತ ಜಾಗಗಳು ಅಲ್ಲಿ ಎಷ್ಟೊಂದಿವೆ! 20ನೇ ಭಾಗದಲ್ಲಿ, ಕೊಲೆಯ ದಿನದ ನಸುಕಿನಲ್ಲಿ, 12 ಜನ ಬೀಸುವ ಹೆಂಗಸರಲ್ಲಿ 11 ಜನ ತಮ್ಮ ಪಾಲು ಮುಗಿಸಿ ಮಲಗಿದ್ದಾರೆ. ಎಲ್ಲರಿಗಿಂತ ನಿತ್ರಾಣಳಾದ ಒಬ್ಬಳು ಮಾತ್ರ ಇನ್ನೂ ಬೀಸುತ್ತಿದ್ದಾಳೆ. ಕಲ್ಲು ನಿಲ್ಲಿಸಿ, ನನ್ನ ಮಂಡಿ ಮುರಿದ ಈ ಜನಕ್ಕೆ ಇದೇ ಕೊನೆಯ ಊಟವಾಗಲಿ ಎಂದು ದೇವರನ್ನು ಕೇಳಿಕೊಳ್ಳುತ್ತಾಳೆ. ಆ ಮಾತನ್ನು ಒಡಿಸ್ಯೂಸ್ ತನಗೆ ಶುಭಶಕುನ ಎಂದು ಎತ್ತಿಕೊಂಡು ಹೋಗುತ್ತಾನೆ. ಅವಳ ಹೆಸರು ಕೇಳುವುದಿಲ್ಲ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಪದಗಳನ್ನು ಸಂಗ್ರಹಿಸಿ ಪದವಿ ಪಡೆದವರು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಈ ಹೆಂಗಸು ಅಪರಿಚಿತಳಲ್ಲ.

ಇನ್ನೊಬ್ಬಳಿದ್ದಾಳೆ. ಆಳು ಹೆಂಗಸರಲ್ಲಿ ಒಡಿಸ್ಯೂಸನ ವಿರುದ್ಧ ನಾಲಗೆ ಹರಿಬಿಡುವ ಮೆಲಾಂತೊ ದೋಲಿಯಸ್ ಎಂಬವನ ಮಗಳು. ಪೆನೆಲೊಪಿ ಅವಳನ್ನು ಆಟದ ಸಾಮಾನು ಕೊಟ್ಟು ಸಾಕಿದ್ದಳಂತೆ. ಆಡು ಕಾಯುವ ಮೆಲಾಂತಿಯಸ್ ಕೂಡ ದೋಲಿಯಸ್ಸನ ಮಗ. ಅವನ ಕಿವಿ ಮೂಗು ಕೈಕಾಲು ಕತ್ತರಿಸುತ್ತಾರೆ. ಪೆನೆಲೊಪಿ ಮದುವೆಯಾಗಿ ಬರುವಾಗ ತವರಿನವರು ಜೊತೆಗೆ ಕಳಿಸಿದ ಗುಲಾಮನ ಹೆಸರೂ ದೋಲಿಯಸ್. ಕೊನೆಯ ಭಾಗದಲ್ಲಿ ಒಡಿಸ್ಯೂಸನ ಅಪ್ಪನ ತೋಟದಲ್ಲಿ ಮುದಿ ದೋಲಿಯಸ್ ಬರುತ್ತಾನೆ. ಎಲ್ಲ ಒಬ್ಬನೇ ದೋಲಿಯಸ್ಸೋ, ಹೆಸರು ಮಾತ್ರ ಒಂದೋ ಎಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ಒಬ್ಬನೇ ಎಂದು ಓದಿ ನೋಡಿ. ಕೊಲೆಯ ಮರುದಿನ ಒಡೆಯ ತೋಟಕ್ಕೆ ಬಂದು ಊಟಕ್ಕೆ ಕುಳಿತಿದ್ದಾನೆ. ದೋಲಿಯಸ್ ಓಡಿಬಂದು ಅವನ ಕೈಗೆ ಮುತ್ತಿಡುತ್ತಾನೆ, ಆರು ಗಂಡುಮಕ್ಕಳ ಜೊತೆ ಅವನ ಪರ ಕಾದಾಡಲು ನಿಲ್ಲುತ್ತಾನೆ. ಅವನಿಗೆ ಸುದ್ದಿ ತಲುಪಿತ್ತೇ? ಕಾವ್ಯ ಹೇಳುವುದಿಲ್ಲ. ಆ ಮಕ್ಕಳ ತಾಯಿ ಸಿಸಿಲಿಯಿಂದ ಬಂದ ಒಬ್ಬ ಮುದುಕಿ. ಆ ದಿನ ಮುದಿ ಒಡೆಯನ ಮೈ ತೊಳೆದು ಎಣ್ಣೆ ಹಚ್ಚಿದವಳು ಅವಳು. ಹೊರಗೆ ಹೋಗಿ, ಹೊಲದಲ್ಲಿ ದುಡಿಯುತ್ತಿದ್ದ ಗಂಡನನ್ನೂ ಮಕ್ಕಳನ್ನೂ ಊಟಕ್ಕೆ ಕರೆದವಳೂ ಅವಳೇ.